ಹೊರಸಿನ ಕೆಳಗಿನ ಕೆಂಡ

ಬೆನ್ನಿಗೆ ನಳಿಕೆ ಹಾಕಿಸಿಕೊಂಡು ಬಂದ ನನ್ನನ್ನು ನಮ್ಮವ್ವ ಬಾಣಂತಿ ಮಾಡಿ ಮಲಗಿಸಿದಳು. ಆಗ ನನಗೆ ನಲವತ್ತೈದು ದಾಟಿತ್ತು. ಹೊಟ್ಟೆಯಲ್ಲಿ ಕೂಸಿರಲಿಲ್ಲ, ತೊಟ್ಟಿಲಲ್ಲೂ ಇರಲಿಲ್ಲ. ಆದರೂ ತಲೆಗೆ ಅರಿವೆ ಕಟ್ಟಿ, ಕಿವಿಗೆ ಹತ್ತಿ ತುರುಕಿ, ಹಗ್ಗ ಹೆಣೆದ ಹೊರಸಿನ ಮೇಲೆ ಹಾಕಿ, ಕೆಳಗೆ ಕೆಂಡ ಇಟ್ಟಳು. ನಗುವವರು ನಗಬಹುದು. ಮೊದಲ ದಿನ ನಾನೂ ನಕ್ಕೆ.

ಸಿಂದಗಿ ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ಖಾನಾವಳಿ. ನಮ್ಮ ಮನೆಯವರು ಹೊರಗೆ ಗಲ್ಲಾದ ಮೇಲೆ, ನಾನು ಒಳಗೆ ಒಲೆಯ ಮುಂದೆ. ಕಲಬುರಗಿಗೆ ಹೋಗುವ ಬಸ್ಸು ಊಟದ ಹೊತ್ತಿಗೆ ನಿಂತರೆ ಜನ ಓಡಿ ಬಂದು ಮೊದಲು ಕೇಳುವುದು, "ಬಿಸಿ ರೊಟ್ಟಿ ಐತೇನ್ರಿ?" ಇರುತ್ತದೆ. ನಾನು ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಇದೆ. ಎಡಗಾಲು ಮಡಚಿ ಕೆಳಗೆ ಇಟ್ಟುಕೊಂಡು, ಬಲ ಮೊಣಕಾಲು ಎತ್ತಿ, ಕಲ್ಲಿನ ಮೇಲೆ ಹಿಟ್ಟು ಬಡಿಯುತ್ತ ಕೂತರೆ ಎಡಗಾಲಿನ ಹಿಮ್ಮಡಿ ಒಲೆಯ ಬಾಯಿಯ ಕಡೆಗೆ ಬರುತ್ತದೆ. ಉರಿ ಹೆಚ್ಚಾಯಿತೋ ಇಳಿಯಿತೋ ಎಂದು ನಾನು ಬಗ್ಗಿ ನೋಡಿದವಳೇ ಅಲ್ಲ. ಹಿಮ್ಮಡಿ ಹೇಳುತ್ತಿತ್ತು, ನಾನು ಕಟ್ಟಿಗೆ ಹಿಂದೆ ಮುಂದೆ ಸರಿಸುತ್ತಿದ್ದೆ. ಕಲಿಸಿದ್ದು ಅವ್ವ. ಅವಳೂ ಹಾಗೆಯೇ ಕೂಡುತ್ತಾಳೆ.

ಸೊಂಟ ನೋಯುವುದು ಹೊಸದಲ್ಲ. ರೊಟ್ಟಿ ಬಡಿಯುವ ಯಾವ ಹೆಂಗಸಿಗೆ ಸೊಂಟ ನೋಯುವುದಿಲ್ಲ? ಆದರೆ ಆ ಬೇಸಿಗೆಯಲ್ಲಿ ನೋವು ಎಡಗಾಲಿಗೆ ಇಳಿಯಿತು, ಆಮೇಲೆ ನೋವಿನ ಜಾಗದಲ್ಲಿ ಜೋಮು ಬಂದು ಕೂತಿತು. ಒಂದು ಮಧ್ಯಾಹ್ನ ಒಲೆಯಿಂದ ಕಿಡಿ ಹಾರಿ ಸೀರೆಯ ಅಂಚು ಸುಟ್ಟು ಹಿಮ್ಮಡಿಯ ಹತ್ತಿರ ಬಂದಿತ್ತು. ನೋಡಿದ್ದು ತಾಟು ಒಯ್ಯಲು ಬಂದ ನಮ್ಮ ಮನೆಯವರು. ನನಗೆ ಏನೂ ತಿಳಿದಿರಲಿಲ್ಲ. ಅವರು ನೀರು ಸುರಿದು ಆರಿಸಿ, "ನಾಳೆ ದವಾಖಾನಿಗೆ ಹೋಗೂಣು" ಅಂದರು.

ವಿಜಯಪುರದ ಆಸ್ಪತ್ರೆಯಲ್ಲಿ ನೋವಿಗೆಂದೇ ಒಬ್ಬ ಡಾಕ್ಟರಿದ್ದರು. ನನಗಿಂತ ಬಹಳ ಚಿಕ್ಕವರು, ನಮ್ಮ ಕಡೆಯವರೇ. ಪ್ಲಾಸ್ಟಿಕ್ಕಿನ ಬೆನ್ನೆಲುಬು ಕೈಯಲ್ಲಿ ಹಿಡಿದು ಹೇಳಿದರು. "ಎರಡು ಮಣಕಿನ ನಡುವ ಗಾದಿ ಇರ್ತೈತ್ರಿ ಅಕ್ಕಾರ. ಅದು ಹೊರಗ ಬಂದು ನರದ ಮ್ಯಾಲ ಕುಂತೈತಿ. ಬೆನ್ನಾಗ ಸಣ್ಣ ನಳಿಕಿ ಹಾಕಿ, ಬಾವು ಇಳಿಯೂ ಔಷಧ ಅಲ್ಲಿಗೇ ಬಿಡ್ತೇನಿ. ಮೂರು ವಾರ ನೋಡೂಣ್ರಿ. ಆ ಪಾದಕ್ಕ ಮುಟ್ಟಿದ್ದು ತಿಳಿಯಾಕ ಹತ್ತಿದ್ರ ಆಪರೇಷನ್ ಬ್ಯಾಡ. ಇಲ್ಲಂದ್ರ ಮಾಡಬೇಕಾಕ್ಕೈತಿ."

"ಆಪರೇಷನ್ ಆದ ಮ್ಯಾಲ ರೊಟ್ಟಿ ಬಡಿಬಹುದೇನ್ರಿ?" ನಾನು ಕೇಳಿದೆ.

"ಜೋಮು ಹಿಡಿದ ಕಾಲು ಇಟಗೊಂಡು ಬೆಂಕಿ ಮುಂದ ಕೂಡಾಕ ನಾ ಅಂತೂ ಒಪ್ಪಂಗಿಲ್ರಿ. ಆಪರೇಷನ್ ಆಗಲಿ ಬಿಡಲಿ, ಅದಕ್ಕ ತಿಳಿವು ಬರಬೇಕು."

ಹೊರಗೆ ಬಂದ ಮೇಲೆ ನಮ್ಮ ಮನೆಯವರು ರೊಟ್ಟಿ ಮಷೀನಿನ ಮಾತು ತೆಗೆದರು. ಝಳಕಿಯಲ್ಲಿ ಹೆದ್ದಾರಿ ಬದಿಯ ಒಂದು ಢಾಬಾದಲ್ಲಿ ನೋಡಿ ಬಂದಿದ್ದರಂತೆ. ಒಂದು ಕಡೆ ಹಿಟ್ಟು ಹಾಕಿದರೆ ಇನ್ನೊಂದು ಕಡೆ ರೊಟ್ಟಿ ಬೀಳುತ್ತದಂತೆ. "ಬೀಳ್ತಾವು," ಅಂದೆ, "ತಿನ್ನಾಕ ಅಲ್ಲ, ಗ್ವಾಡಿಗೆ ಹಚ್ಚಾಕ." ಅವರು ನಗಲಿಲ್ಲ. ಮಷೀನು ಬಂದರೆ ಒಳಗೆ ನನ್ನ ಕೆಲಸವೇನು ಎಂದು ನಾನು ಕೇಳಲಿಲ್ಲ. ನನಗೆ ಮಕ್ಕಳಿಲ್ಲ. ಆ ಮನೆಯಲ್ಲಿ ನಾನು ಹುಟ್ಟಿಸಿದ್ದು ಅಂತ ಇದ್ದರೆ ದಿನಾ ಬೆಳಗಿನ ರೊಟ್ಟಿ. ಅದೂ ಹೋದರೆ ಎಂಬ ಯೋಚನೆ ಬಂತು, ಬಂದು ಸುಮ್ಮನೆ ಕೂತಿತು.

ನಳಿಕೆ ಹಾಕುವ ದಿನ ಅವ್ವ ಗೊಳಸಂಗಿಯಿಂದ ಬಂದಳು. ಅವಳಿಗೆ ನಮ್ಮ ಮನೆಯವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು, ಬೆನ್ನಿಗೆ ಸೂಜಿ ಹಾಕ್ತಾರೆ ಅಂತ. ಬೆನ್ನಿಗೆ ಸೂಜಿ ಅಂದರೆ ನಮ್ಮ ಕಡೆ ಹೆಂಗಸರಿಗೆ ಗೊತ್ತಿರುವುದು ಒಂದೇ, ಹೊಟ್ಟೆ ಕೊಯ್ದು ಕೂಸು ತೆಗೆಯುವಾಗ ಕೊಡುವುದು. ಅವ್ವ ಕೈಚೀಲದಲ್ಲಿ ಬಾಣಂತಿಗೆ ಕೊಡುವ ಅಂಟಿನ ಉಂಡಿ ಕಟ್ಟಿಸಿಕೊಂಡು ಬಂದಿದ್ದಳು.

"ಇದು ಯಾಕ ತಂದಿ?" ಅಂದೆ.

"ಸೊಂಟಕ್ಕ ಬಲ ಬೇಕಲ್ಲ," ಅಂದಳು, ನನ್ನ ಮುಖ ನೋಡದೆ.

ಒಳಗೆ ನನ್ನನ್ನು ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ದಿಂಬು ಇಟ್ಟರು. ಮೇಲೆ ಕಮಾನಿನಂತೆ ಬಾಗಿದ ಎಕ್ಸ್‌ರೇ ಯಂತ್ರ. ಚರ್ಮ ಸಾಯಿಸಲು ಮೊದಲು ಒಂದು ಸಣ್ಣ ಸೂಜಿ ಕೊಟ್ಟರು, ಅದು ಉರಿಯಿತು. ಆಮೇಲೆ ಬಾಲದ ಎಲುಬಿನ ಹತ್ತಿರ ದಪ್ಪ ಸೂಜಿ ಚುಚ್ಚಿ, ಅದರೊಳಗಿಂದ ಶಾವಿಗೆ ಎಳೆಯಷ್ಟು ಸಣ್ಣ ನಳಿಕೆಯನ್ನು ಮೇಲಕ್ಕೆ ಏರಿಸಿದರು. ಅದಕ್ಕೆ ಕ್ಯಾಥೆಟರ್ ಅನ್ನುತ್ತಾರೆ. ಅದು ಏರುವುದನ್ನು ಡಾಕ್ಟರು ಪರದೆಯ ಮೇಲೆ ನೋಡುತ್ತಿದ್ದರು. ನನಗೆ ಕಾಣುತ್ತಿದ್ದುದು ನೆಲದ ಫರ್ಸಿ, ಯಾರದೋ ನೀಲಿ ಚಪ್ಪಲಿ.

"ಔಷಧ ಬಿಡಾಕತ್ತೇನ್ರಿ ಅಕ್ಕಾರ. ಒತ್ತಿದಂಗ ಆಕ್ಕೈತಿ."

ಒತ್ತಿದಂತೆ ಆಯಿತು. ಸೊಂಟ ಬೆಚ್ಚಗಾಯಿತು, ತೊಡೆ ಬೆಚ್ಚಗಾಯಿತು. ಆಮೇಲೆ ಏನೂ ಇಲ್ಲ. ಮಂಚಕ್ಕೆ ತಂದು ಹಾಕಿದಾಗ ನನ್ನ ಕಾಲು ಎಲ್ಲಿವೆ ಎಂದು ತಲೆ ಎತ್ತಿ ನೋಡಬೇಕಾಯಿತು. ಅಲ್ಲೇ ಇದ್ದವು. ಬೇರೆ ಯಾರೋ ತಮ್ಮ ಕಾಲು ಮರೆತು ಹೋದಂತೆ ಹೊದಿಕೆಯ ಕೆಳಗೆ ಬಿದ್ದಿದ್ದವು. ನಳಿಕೆಯ ತುದಿಯನ್ನು ಬೆನ್ನಗುಂಟ ಪಟ್ಟಿ ಹಚ್ಚಿ ಭುಜದವರೆಗೆ ತಂದಿದ್ದರು. ನರ್ಸಮ್ಮ ಬಂದು ಅದರ ಬಾಯಿಗೆ ಔಷಧ ಬಿಟ್ಟು ಹೋಗುತ್ತಿದ್ದಳು, ದೀಪಕ್ಕೆ ಎಣ್ಣೆ ಹಾಕಿದ ಹಾಗೆ. ಅಷ್ಟು ವರ್ಷಗಳ ನೋವು ಹೋಗಿತ್ತು. ಖುಷಿ ಆಗಬೇಕಿತ್ತು. ಆಗಲಿಲ್ಲ, ದುಃಖವೂ ಆಗಲಿಲ್ಲ. ಮಂಚದ ಪಕ್ಕದ ಗೋಡೆಯ ಬಣ್ಣ ಎಲ್ಲೆಲ್ಲಿ ಕಿತ್ತಿದೆ ಎಂದು ನೋಡುತ್ತ ಮಲಗಿದ್ದೆ.

ಎರಡು ದಿನ ಬಿಟ್ಟು ನಳಿಕೆ ತೆಗೆದರು. ಬಲಗಾಲಿಗೆ ತಿಳಿವು ಪೂರ್ತಿ ಬಂತು. ಎಡಗಾಲಿಗೆ ಮೊಣಕಾಲಿನವರೆಗೆ ಬಂದು ನಿಂತಿತು. ಪಾದ ಹಾಗೇ ಇತ್ತು, ಹಿಮ್ಮಡಿಯಂತೂ ಕಲ್ಲು. ಡಾಕ್ಟರು ಸೂಜಿಯ ತುದಿಯಿಂದ ಅಲ್ಲಲ್ಲಿ ಚುಚ್ಚಿ ನೋಡಿ, "ಕಾಯೂಣ್ರಿ," ಅಂದರು. ಮನೆಗೆ ಕಳಿಸುವಾಗ ಅವ್ವನ ಕಡೆ ತಿರುಗಿ ಬಿಡಿಸಿ ಬಿಡಿಸಿ ಹೇಳಿದರು. "ಆಯಿ, ಆ ಕಾಲಿಗೆ ಬಿಸಿನೀರಿನ ಚೀಲ ಇಡಬ್ಯಾಡ್ರಿ. ಬಿಸಿ ಇಟ್ಟಂಗಿ, ಉಪ್ಪಿನ ಗಂಟು, ಏನೂ ಇಡಬ್ಯಾಡ್ರಿ. ಸುಟ್ರೂ ಅವರಿಗೆ ತಿಳ್ಯಂಗಿಲ್ಲ."

"ಇಡಂಗಿಲ್ರಿ," ಅಂದಳು ಅವ್ವ. ಹೇಳಿದ್ದನ್ನು ಮಾಡುವವಳು ಅವಳು. ನಾನೇ ಸಾಕ್ಷಿ, ಒಂದು ದಿನವೂ ಏನನ್ನೂ ಕಾಲಿಗೆ ಇಡಲಿಲ್ಲ.

ಸಿಂದಗಿಗೆ ಬೇಡ, ತವರಿಗೆ ಬರಲಿ ಅಂತ ಅವ್ವ ಹಟ ಹಿಡಿದಳು. ನಮ್ಮ ಮನೆಯವರು ಒಪ್ಪಿದರು. ಗೊಳಸಂಗಿಯಲ್ಲಿ ಅಣ್ಣ, ಅತ್ತಿಗೆ ಹೊಲಕ್ಕೆ ಹೋದರೆ ಹಗಲೆಲ್ಲ ನಾವಿಬ್ಬರೇ. ಪಡಸಾಲೆಯ ಪಕ್ಕದ ಕೋಣೆಗೆ ಕಾಲಿಟ್ಟಾಗ ಅಲ್ಲಿ ಹೊರಸು ಹಾಕಿತ್ತು. ನಾನು ಮದುವೆಯಾದ ವರ್ಷ ಅವ್ವ ಬಡಿಗನಿಂದ ಮಾಡಿಸಿ, ಹಗ್ಗ ಹೆಣೆಸಿ, ಮಗಳು ಚೊಚ್ಚಲಿಗೆ ಬರುತ್ತಾಳೆ ಎಂದು ಇಟ್ಟುಕೊಂಡಿದ್ದ ಹೊರಸು. ಬಾಣಂತಿಯ ಹೊರಸಿಗೆ ಹಗ್ಗವೇ ಬೇಕು, ಕೆಳಗಿನ ಕೆಂಡದ ಕಾವು ಸಂದಿಯಿಂದ ಮೇಲೆ ಬರಬೇಕಲ್ಲ. ಅಟ್ಟದ ಮೇಲೆ ಇಷ್ಟು ವರ್ಷ ಕೂತಿದ್ದು ಈಗ ಇಳಿದಿತ್ತು. ಹಗ್ಗ ಹೊಸದಾಗಿ ಬಿಗಿದಿದ್ದರು, ಕಾಲ ಕಡೆ ಮಾತ್ರ ಹಗ್ಗ ಸಾಲದೆ ಸಂದಿ ಅಗಲವಾಗಿತ್ತು.

"ಅವ್ವಾ, ನಾ ಹಡದಿಲ್ಲ," ಅಂದೆ.

"ಗೊತ್ತೈತಿ. ಬೆನ್ನಿಗೆ ಸೂಜಿ ಆಗೈತಿ ಹೌದಿಲ್ಲೋ? ಥಂಡಿ ಹೊಕ್ಕರ ಮುಪ್ಪಿನ ತನಕ ಬಿಡಂಗಿಲ್ಲ. ಮಕ್ಕೊ ಸುಮ್ಮ."

ಮಕ್ಕೊಂಡೆ. ದಿನಾ ಎಣ್ಣೆ ಹಚ್ಚಿ ಎರೆದಳು. ಹಳೆಯ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ತುಂಬಿ ಹೊರಸಿನ ಕೆಳಗೆ ಸರಿಸಿ, ಮೇಲೆ ಅಜಿವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಟ್ಟಳು. ಡಾಕ್ಟರು ಏನು ಹೇಳಿದ್ದರು ಎಂದು ನಾನು ಕೇಳಿದ್ದಕ್ಕೆ, "ಕಾಲಿಗೆ ಇಡಬ್ಯಾಡ ಅಂದಾರ. ನಾ ಎಲ್ಲಿ ಇಟ್ಟೇನಿ? ಹೊರಸಿನ ಕೆಳಗ ಐತಿ," ಅಂದಳು. ಅದೂ ನಡುವಿನ ಕೆಳಗೆ, ಕಾಲಿನಿಂದ ದೂರ. ನನಗೂ ಸರಿ ಅನಿಸಿತು. ಓಣಿಯ ಮುದುಕಿಯೊಬ್ಬಳು ಹೊಗೆ ನೋಡಿ ಒಳಗೆ ಬಂದು, ತಲೆಗೆ ಅರಿವೆ ಕಟ್ಟಿಕೊಂಡ ನನ್ನನ್ನು ಕಂಡು, "ಏನ ಹಡದೀಯವಾ, ಗಂಡೋ ಹೆಣ್ಣೋ?" ಎಂದು ಚೇಷ್ಟೆ ಮಾಡಿದಳು.

"ನಳಿಕಿ ಹಡದೇನಿ," ಅಂದೆ, "ದವಾಖಾನ್ಯಾಗ ಬಿಟ್ಟ ಬಂದೇನಿ."

ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ನಗಲಿಲ್ಲ. ಬುಟ್ಟಿಯ ಕೆಂಡ ಕೆದರುತ್ತ ಕೂತಿದ್ದಳು. ಅವಳ ಮುಖದ ಮೇಲೆ ಒಂದು ಕಳೆ ಇತ್ತು, ಬಹಳ ವರ್ಷ ನಾನು ಕಂಡಿರದ ಕಳೆ. ಕೆಲಸ ಸಿಕ್ಕವಳ ಕಳೆ.

ಅದು ಕಂಡಾಗಲೇ ನನಗೆ ಮುದ್ದೇಬಿಹಾಳ ನೆನಪಾದದ್ದು. ಸೋದರಮಾವನ ಮಗಳ ಕುಬಸಕ್ಕೆ ಅವ್ವನೂ ನಾನೂ ಹೋಗಿದ್ದೆವು. ಬಸುರಿಗೆ ಉಡಿ ತುಂಬಲು ಮುತ್ತೈದೆಯರನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ನಾನು ಎದ್ದು ಸೆರಗು ಸರಿ ಮಾಡಿಕೊಂಡು ನಿಂತೆ. ನನ್ನ ಮುಂದಿನವಳನ್ನು ಕರೆದರು, ಆಮೇಲೆ ನನ್ನ ಹಿಂದಿನವಳನ್ನು ಕರೆದರು. ನಾನು ಹಾಗೇ ಅಡುಗೆಮನೆಗೆ ಹೋಗಿ ಇಂಡಿಯಿಂದ ಬಂದಿದ್ದ ನಿಂಬೆಹಣ್ಣು ಹೆಚ್ಚಲು ಕೂತೆ, ಚಿತ್ರಾನ್ನಕ್ಕೆ. ಬರುವಾಗ ಬಸ್ಸಿನಲ್ಲಿ ಅವ್ವ ಕೇಳಿದಳು, ಬ್ಯಾಸರಾತೇನು ಅಂತ. "ನನಗೇನೂ ಆಗಿಲ್ಲವ್ವಾ," ಅಂದೆ. ಅಂಥ ಮಾತು ಅದೊಂದೇ ಸಲ ಅಂದದ್ದಲ್ಲ. ಅಂದು ಅಂದು ಅದು ನಿಜವೇ ಆಗಿಬಿಟ್ಟಿತ್ತೇನೋ. ಒಳಗೆ ಮುಟ್ಟಿ ನೋಡಿಕೊಂಡರೆ ಏನೂ ತಿಳಿಯುತ್ತಿರಲಿಲ್ಲ.

ಕೆಂಡ ಇಡಲು ಹತ್ತಿ ವಾರವಾಗಿತ್ತು. ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ, ಕಣ್ಣು ಹತ್ತಿತ್ತು. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ವಾಸನೆಗೆ ಎಚ್ಚರವಾಯಿತು. ನನ್ನ ಜನ್ಮವೇ ಹಂಚಿನ ಮುಂದೆ ಕಳೆದಿದೆ, ಹೊತ್ತಿದ ವಾಸನೆ ನಿದ್ದೆಯಲ್ಲೂ ಗೊತ್ತಾಗುತ್ತದೆ.

"ಅವ್ವಾ," ಮಲಗಿದಲ್ಲಿಂದಲೇ ಕೂಗಿದೆ, "ಹಂಚಿನ ಮ್ಯಾಲ ಏನೋ ಹೊತ್ತಾಕತ್ತೈತಿ ನೋಡು."

"ಒಲಿ ಆರಿಸಿ ಬಂದೇನಲ್ಲ," ಎಂದಳು ಹಿತ್ತಲಿಂದ.

"ಹೊತ್ತಾಕತ್ತೈತಿ ಅಂದ್ರ ಹೊತ್ತಾಕತ್ತೈತಿ. ನನಗ ಹೇಳ್ತೀಯೇನು?"

ಕೈ ಒರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಅಲ್ಲಿಂದ ಕೋಣೆಗೆ ಬಂದಳು. ಬಾಗಿಲಲ್ಲೇ ನಿಂತಳು. ನಿದ್ದೆಯಲ್ಲಿ ನಾನು ಕೆಳಗೆ ಕೆಳಗೆ ಸರಿದಿದ್ದೆ. ಎಡಗಾಲಿನ ಹಿಮ್ಮಡಿ ಸಂದಿಯಿಂದ ಜಾರಿ ಕೆಳಗೆ ಇಳಿದಿತ್ತು. ಬಟ್ಟೆ ಒಗೆಯಲು ಹೋಗುವಾಗ ಅವ್ವನ ಕಾಲು ತಾಗಿ ಬುಟ್ಟಿ ಆ ಕಡೆಗೆ ಸರಿದಿತ್ತು, ಅವಳು ನೋಡಿರಲಿಲ್ಲ. ಕೌದಿಯ ಅಂಚು ಕಪ್ಪಗಾಗಿ ಹೊಗೆಯಾಡುತ್ತಿತ್ತು. ಹಿಮ್ಮಡಿಯ ಚರ್ಮ ಎದ್ದು ಬಂದಿತ್ತು. ಅವಳು ಓಡಿ ಬಂದು ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಾಗ ನಾನು ನೋಡಿದೆ. ನೋಡಿದೆ ಅಷ್ಟೇ.

"ಉರಿಯಾಕತ್ತೈತೇನ? ಯವ್ವಾ, ಉರಿಯಾಕತ್ತೈತೇನ?"

"ಇಲ್ಲ," ಅಂದೆ.

ಅವಳು ಅತ್ತದ್ದು ಆ ಮಾತಿಗೆ.

ಬಸವನ ಬಾಗೇವಾಡಿಯ ದವಾಖಾನೆಗೆ ಅಣ್ಣ ಬೈಕಿನ ಮೇಲೆ ಕರೆದೊಯ್ದ. ಅಲ್ಲಿಯ ಡಾಕ್ಟರು ಪಟ್ಟಿ ಕಟ್ಟಿ, ಇದು ಯಾರ ಶಾಣ್ಯಾತನ ಎಂದು ಕೇಳಿದರು. "ನಂದ," ಅಂದೆ. ವಿಜಯಪುರದ ಡಾಕ್ಟರಿಗೆ ಅಣ್ಣ ಫೋನು ಮಾಡಿದ. ಅಷ್ಟು ಸುಟ್ಟರೂ ತಿಳಿಯಲಿಲ್ಲ ಅಂದಾಗ ಅವರು, ಹೇಳಿದ ದಿನಕ್ಕೆ ತಪ್ಪದೆ ಕರೆದುಕೊಂಡು ಬನ್ನಿ, ಆಪರೇಷನ್ನಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ ಅಂದರಂತೆ. ಸಂಜೆ ನಮ್ಮ ಮನೆಯವರ ಫೋನು ಬಂತು. ಮಷೀನಿನ ಮಾತು ಅವರು ಎತ್ತಲಿಲ್ಲ, ನಾನೇ ಎತ್ತಿದೆ. "ನೋಡ್ರಿ ಒಂದು," ಅಂದೆ. ಅವರು ಹೂಂ ಅಂದರು.

ಮನೆಗೆ ಬಂದಾಗ ಹೊರಸು ಮತ್ತೆ ಅಟ್ಟ ಏರಿತ್ತು. ಬುಟ್ಟಿ ಎಲ್ಲಿ ಹೋಯಿತೋ ಗೊತ್ತಿಲ್ಲ. ನೆಲದ ಮೇಲೆ ಗಾದಿ ಹಾಸಿತ್ತು. ಅಂದಿನಿಂದ ಅವ್ವ ನನ್ನನ್ನು ಮುಟ್ಟಲಿಲ್ಲ. ತಾಟು ಪಕ್ಕಕ್ಕೆ ಇಡುತ್ತಿದ್ದಳು, ನೀರು ಇಡುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ. ಎರೆಯಲು ಅತ್ತಿಗೆ ಬಂದಳು. ಅತ್ತಿಗೆಯ ಕೈ ಒರಟಲ್ಲ, ಆದರೂ ಅದು ಅತ್ತಿಗೆಯ ಕೈ. ಅವ್ವ ಬಾಗಿಲ ಹೊರಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ಹಸನಾದ ಜೋಳವನ್ನೇ ಮತ್ತೆ ಮೊರಕ್ಕೆ ಹಾಕಿಕೊಳ್ಳುತ್ತಿದ್ದಳು.

ಸಿಟ್ಟು ಬರಬೇಕಿತ್ತು ನನಗೆ, ಅವಳ ಮೇಲಾದರೂ, ಕಾಲಿನ ಮೇಲಾದರೂ. ನನ್ನ ಸಿಟ್ಟು ಸಿಂದಗಿ ಬಸ್ ನಿಲ್ದಾಣಕ್ಕೆಲ್ಲ ಗೊತ್ತು, ರೊಟ್ಟಿ ತಣ್ಣಗಿದೆ ಅಂದವರನ್ನು ಊಟ ಬಿಡಿಸಿ ಎಬ್ಬಿಸಿದ್ದೇನೆ. ಆಗ ಮಾತ್ರ ಏನೂ ಬರಲಿಲ್ಲ. ಸುಟ್ಟ ಗಾಯದ ಪಟ್ಟಿ ಬಿಚ್ಚಿದಾಗ ಅದು ಬೇರೆಯವರ ಗಾಯದಂತೆ ಕಾಣುತ್ತಿತ್ತು.

ವಿಜಯಪುರಕ್ಕೆ ಹೋಗುವ ಹಿಂದಿನ ದಿನ ಅತ್ತಿಗೆ ಮುಂಜಾನೆಯೇ ಹೊಲಕ್ಕೆ ಹೋಗಿದ್ದಳು. ನಾನು ಗೋಡೆಯ ಕಡೆ ಮುಖ ಮಾಡಿ ಬೋರಲು ಮಲಗಿದ್ದೆ.

"ಅವ್ವಾ," ಅಂದೆ, "ಎಣ್ಣಿ ಹಚ್ಚು ಬಾ."

"ನಾನೇನ?"

"ಮತ್ತ್ಯಾರು, ಓಣಿ ಮುದುಕಿನ ಕರೀಲೇನು?"

ಬಹಳ ಹೊತ್ತಿನ ಮೇಲೆ ಬಟ್ಟಲ ಸದ್ದು ಕೇಳಿತು. ಕಾಲ ಹತ್ತಿರ ಬಂದು ಕೂತಳು. ಅವಳ ಮೊಣಕಾಲ ಗಂಟು ಲಟಕ್ಕೆಂದದ್ದೂ ಕೇಳಿತು. ಆಮೇಲೆ ಏನೂ ಇಲ್ಲ. ಹಚ್ಚುತ್ತಿದ್ದಾಳೆ ಅಂದುಕೊಂಡೆ.

"ತಿಳೀತೈತೇನು?" ಅಂದಳು.

ಮುದುಕಿಗೆ ಇನ್ನೆಷ್ಟು ಸಂಕಟ ಕೊಡಲಿ? "ಹೂಂ, ತಿಳೀತೈತಿ," ಅಂದೆ.

ಹೊರಗೆ ಯಾರದೋ ಟ್ರ್ಯಾಕ್ಟರು ಹೋಯಿತು.

"ನಾ ಇನ್ನಾ ಮುಟ್ಟಿಲ್ಲ," ಅಂದಳು.

ನಾನು ಗೋಡೆ ನೋಡುತ್ತಿದ್ದೆ.

"ನೀ ಹಿಂಗ ಅಂತೀ ಅಂತ ಗೊತ್ತಿತ್ತು. ನೋಡೂಣು ಅಂತನ ಕೇಳಿದೆ. ಮುದ್ದೇಬಿಹಾಳದಿಂದ ಬರೂವಾಗ ಬಸ್ಸಿನ್ಯಾಗೂ ಹಿಂಗ ಅಂದಿ, ಏನೂ ಆಗಿಲ್ಲ ಅಂತ. ನನಗ ಏನಂತ ತಿಳಿದೀ ನೀ? ಹಡದಾಕಿ ಅದೇನಿ ನಾ." ಅವಳ ದನಿ ಏರಿರಲಿಲ್ಲ. "ಇವತ್ತರ ಒಂದು ಖರೇ ಮಾತು ಹೇಳು."

ಗೋಡೆಗೇ ಹೇಳಿದೆ. "ಭಾಳ ನೋವಾಗಿತ್ತವ್ವಾ. ನನ್ನ ಬಿಟ್ಟು ನನ್ನ ಹಿಂದಿನಾಕಿನ್ನ ಕರದಾಗ, ಅಲ್ಲೇ ಸತ್ತು ಹೋಗಲಿ ಅನಸ್ತು. ಪ್ರತಿ ಸಲಾನೂ ನೋವಾಗೇತಿ. ನಿನ್ನ ಹೊರಸ ನೋಡಿದಾಗೂ ಆತು."

ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಅತ್ತು ಮುಗಿಯುವ ತನಕ ಅವ್ವ ಕೂತಿದ್ದಳು. ಆಮೇಲೆ ಮೂಗು ಏರಿಸಿದ ಸದ್ದು, ಬಟ್ಟಲು ಸರಿದ ಸದ್ದು.

"ಈಗ ಖರೇ ಖರೇ ಹೇಳಬೇಕು," ಅಂದಳು. "ಈಗ ತಿಳೀತೈತೇನು?"

"ಇಲ್ಲ."

"ಈಗ?"

"ಇಲ್ಲ."

"ಈಗ?"

ಹಿಮ್ಮಡಿಯ ಹತ್ತಿರ, ಪಟ್ಟಿಯ ಅಂಚಿನ ಮೇಲ್ಗಡೆ, ಇರುವೆ ಹರಿದಂತೆ ಏನೋ ಆಯಿತು. ಹೌದೋ ಅಲ್ಲವೋ ಎಂಬಷ್ಟು. ಹೂಂ ಅನ್ನಲು ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ. ಮೊಣಕೈ ಊರಿ, ತಲೆ ಎತ್ತಿ, ಹಿಂದೆ ತಿರುಗಿ ನೋಡಿದೆ. ಅವ್ವನ ಹೆಬ್ಬೆರಳು ಅಲ್ಲೇ ಇತ್ತು.